ಎಂಜಿನ್ನಿನ ಹೊಟ್ಟೆಯೊಳಗೊಂದು ತಿದಿ

ಮಳೆಗಾಲ ಮುಗಿದ ಮೇಲೆ ಮೂಲೆಯಿಂದ ಹಳೆಯ ಸ್ಕೂಟರನ್ನು ಹೊರಗೆ ತೆಗೆದವರಿಗೆಲ್ಲ ಈ ಒಗಟು ಗೊತ್ತು. ನಿಲ್ಲಿಸಿದ ದಿನ ಅದು ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ಆಮೇಲೆ ಯಾರೂ ಅದನ್ನು ಬೀಳಿಸಿಲ್ಲ, ಬಿಚ್ಚಿಲ್ಲ, ಮುಟ್ಟಿಯೂ ಇಲ್ಲ. ಆದರೆ ಈಗ ಕಾಲು ಸೋಲುವ ತನಕ ಒದ್ದರೂ ಅದು ಉಸಿರೆತ್ತುವುದಿಲ್ಲ. ಅಟ್ಟದ ಮೇಲೆ ಹತ್ತು ವರ್ಷ ಬಿದ್ದಿದ್ದ ಟೇಬಲ್ ಫ್ಯಾನು ಪ್ಲಗ್ ಚುಚ್ಚಿದ ಕೂಡಲೇ ತಿರುಗೀತು. ಅಜ್ಜಿಯ ಹೊಲಿಗೆ ಯಂತ್ರಕ್ಕೆ ಎರಡು ಹನಿ ಎಣ್ಣೆ ಸಾಕು. ಪೆಟ್ರೋಲ್ ಎಂಜಿನ್ ಮಾತ್ರ ಸುಮ್ಮನೆ ಕೂತೇ ಕೆಡುತ್ತದೆ. ಕೆಲಸ ಮಾಡಿ ಸವೆಯುವುದು ನಮಗೆ ಅರ್ಥವಾಗುತ್ತದೆ. ಕೆಲಸವಿಲ್ಲದೆ ಕೆಡುವುದು ಹೇಗೆ?

ಈ ಒಗಟು ನನಗೆ ಎದುರಾದದ್ದು ಗಂಗೊಳ್ಳಿಯಲ್ಲಿ, ಪಂಚಗಂಗಾವಳಿ ನದಿ ಕಡಲು ಸೇರುವ ಕಡೆ. ನನ್ನ ಭಾವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ತೆಂಗಿನ ಗರಿಗಳ ನಡುವೆ, 5 ಅಶ್ವಶಕ್ತಿಯ ಹಳೆಯ ಔಟ್‌ಬೋರ್ಡ್ ಎಂಜಿನ್ ಒಂದಿತ್ತು. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಎರಡು ಮಳೆಗಾಲ ಅದು ಅಲ್ಲಿಯೇ ಇತ್ತು. ಭಾವ ಮತ್ತೆ ಹೊಳೆಗೆ ದೋಣಿ ಇಳಿಸಬೇಕೆಂದಿದ್ದರು. ಎಂಜಿನ್ ರಿಪೇರಿಯಲ್ಲೇ ತಲೆ ಹಣ್ಣಾದ ಮೇಸ್ತ್ರಿಯೊಬ್ಬರನ್ನು ಕರೆಸಿದರು. ಅವರ ಪಕ್ಕದಲ್ಲಿ ಕೂತು ನೋಡಿದ ಎರಡು ದಿನಗಳಲ್ಲಿ, ಸ್ಕೂಟರಿನ ಕಾಲದಿಂದ ನಾನು ಅರ್ಧಂಬರ್ಧ ತಿಳಿದಿದ್ದ ಒಂದು ವಿಷಯ ಪೂರ್ತಿ ತಿಳಿಯಿತು.

ಹಗ್ಗ ಎಳೆಯುವ ಮುನ್ನ

ಭಾವ ಬಂದವರೇ ಸ್ಟಾರ್ಟ್ ಮಾಡುವ ಹಗ್ಗಕ್ಕೆ ಕೈ ಹಾಕಿದರು. ಮೇಸ್ತ್ರಿ ತಡೆದರು: “ಹ್ವಾಯ್, ಹಗ್ಗ ಎಳೂಕೆ ಹೋಗ್ಬೇಡಿ. ಮೊದ್ಲ್ ಕೈಯಲ್ಲ್ ತಿರ್ಗ್ಸಿ ಕಾಂಬ.”

ಅದಕ್ಕೆ ಕಾರಣವಿದೆ. ಕಡಲ ದಂಡೆಯ ಗಾಳಿಯಲ್ಲಿ ಉಪ್ಪೂ ಇದೆ, ಪಸೆಯೂ ಇದೆ. ಎರಡು ವರ್ಷ ಕದಲದೆ ನಿಂತ ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಬಲ ಹಾಕಿ ಎಳೆದರೆ ಉಂಗುರ ಮುರಿಯುತ್ತದೆ, ಗೋಡೆಯಲ್ಲಿ ಗೀರು ಬೀಳುತ್ತದೆ. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಎಂಜಿನ್ ಆಗ ನಿಜವಾಗಿ ಕೆಡುತ್ತದೆ. ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಎರಡು ಚಮಚ ತೆಳು ಎಣ್ಣೆ ಸುರಿದು, ಊಟ ಮಾಡಿ ಬರುವವರೆಗೆ ಬಿಟ್ಟರು. ಆಮೇಲೆ ಮೇಲಿನ ಭಾರದ ಚಕ್ರವನ್ನು, ಫ್ಲೈವೀಲನ್ನು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಮೊದಲು ಬೆರಳಗಲ ಅಲ್ಲಾಡಿತು. ಬಳಿಕ ಪೂರ್ತಿ ಸುತ್ತು ಬಂತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ತಿರುಗಿಸಿದಾಗ ಒಳಗಿನ ಗಾಳಿ ಬೆರಳನ್ನು ಚಿಮ್ಮಿ ತಳ್ಳಿತು. ಉಂಗುರಗಳು ಜೀವಂತವಿದ್ದವು.

ಮುಂದಿನ ಕೆಲಸ ಎಂಜಿನ್ನಿನ ಕಾಲಿನಲ್ಲಿ. ಹೊಳೆಯ ನೀರನ್ನೇ ಮೇಲೆತ್ತಿ ಎಂಜಿನ್ನಿನ ಸುತ್ತ ಹರಿಸುವ ಪಂಪ್ ಅಲ್ಲಿ ಕೆಳಗಿರುತ್ತದೆ. ಅದರೊಳಗಿನ ರಬ್ಬರ್ ಚಕ್ರದ ರೆಕ್ಕೆಗಳು ಇಕ್ಕಟ್ಟಾದ ಗೂಡಿನಲ್ಲಿ ಮಡಚಿಕೊಂಡೇ ತಿರುಗಬೇಕು. ಎರಡು ವರ್ಷ ಒಂದೇ ಭಂಗಿಯಲ್ಲಿ ಮಡಚಿ ಕೂತ ರೆಕ್ಕೆಗಳು ಹಾಗೆಯೇ ಸೆಟೆದು ಹೋಗಿದ್ದವು. ಬೆರಳಿನಿಂದ ಬಿಡಿಸಿದರೆ ಬುಡದಲ್ಲಿ ಬಿರುಕು ಕಂಡಿತು. ಹೊಸದನ್ನೇ ಹಾಕಬೇಕಾಯಿತು. ಈ ಪಂಪನ್ನು ನೀರಿಲ್ಲದೆ ಕೆಲವು ಕ್ಷಣ ಓಡಿಸಿದರೂ ಉಜ್ಜಾಟದ ಬಿಸಿಗೆ ರಬ್ಬರು ಸುಟ್ಟುಹೋಗುತ್ತದೆ. ‘ಸ್ಟಾರ್ಟ್ ಆಗುತ್ತದೋ ನೋಡೋಣ’ ಎಂದು ಔಟ್‌ಬೋರ್ಡ್ ಎಂಜಿನ್ನನ್ನು ಅಂಗಳದಲ್ಲಿ ಒಣಗಿದ್ದಂತೆಯೇ ಓಡಿಸುವುದು ಬಹಳ ಜನ ಮಾಡುವ ತಪ್ಪು. ಕೆಳಗಿನ ಗೇರಿನ ಎಣ್ಣೆಯನ್ನೂ ಬಸಿದು ನೋಡಿದರು. ಅದು ಹಾಲು ಹಾಕಿದ ಚಹಾದಂತಿದ್ದರೆ ನೀರು ಹೊಕ್ಕಿದೆ ಎಂದು ಅರ್ಥ. ಇದು ಕಪ್ಪಗೆ, ಶುದ್ಧವಾಗಿತ್ತು.

ಬತ್ತಿದ ಪೆಟ್ರೋಲಿನ ಮೇಣ

ಒಗಟಿನ ಅರ್ಧ ಉತ್ತರ ಪೆಟ್ರೋಲಿನಲ್ಲೇ ಇದೆ. ಪೆಟ್ರೋಲನ್ನು ನಾವು ನೀರಿನಂತೆ ಒಂದೇ ವಸ್ತು ಎಂದುಕೊಳ್ಳುತ್ತೇವೆ. ಅದು ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಕೂಟ. ಅವುಗಳಲ್ಲಿ ಹಗುರವಾದವು ಬೇಗ ಆವಿಯಾಗುತ್ತವೆ. ತಣ್ಣಗಿನ ಎಂಜಿನ್ನಿನಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳುವುದೂ ಅವೇ. ನಿಂತ ಪೆಟ್ರೋಲಿನಿಂದ ಮೊದಲು ಹಾರಿಹೋಗುವುದೂ ಅವೇ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಂದಿಗೆ ಬೆರೆತು, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಜಿಗುಟಾಗುತ್ತವೆ. ಹಲಸಿನ ಹಣ್ಣು ಕೊಯ್ದ ಕತ್ತಿಗೆ ಅಂಟಿದ ಮೇಣವನ್ನು ನೆನೆಯಿರಿ. ಹಸಿಯಿದ್ದಾಗ ಎಳೆ ಎಳೆಯಾಗಿ ಬರುತ್ತದೆ, ಒಣಗಿದರೆ ಕೆರೆದರೂ ಹೋಗುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಎಣ್ಣೆಯನ್ನೂ ಬೆರೆಸಿರುತ್ತೇವೆ. ಪೆಟ್ರೋಲ್ ಆರಿದ ಮೇಲೆ ಎಣ್ಣೆ ತಳದಲ್ಲಿ ಉಳಿದು ಮೇಣವನ್ನು ಇನ್ನಷ್ಟು ದಪ್ಪ ಮಾಡುತ್ತದೆ.

ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ತೊಡಕೂ ಇದೆ. ಕಬ್ಬು, ಧಾನ್ಯಗಳಿಂದ ತೆಗೆದ ಎಥನಾಲನ್ನು ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರವರೆಗೆ ಬೆರೆಸಲಾಗುತ್ತಿದೆ. ಎಥನಾಲಿಗೆ ನೀರೆಂದರೆ ನೆಂಟಸ್ತಿಕೆ. ಗಾಳಿಯ ತೇವವನ್ನೂ ಅದು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಹೋಗುವ ಕೊಳವೆ ಹೀರುವುದೂ ಆ ತಳದಿಂದಲೇ. ಭಾವನ ಟ್ಯಾಂಕಿನಲ್ಲಿ ಉಳಿದಿದ್ದನ್ನು ಗಾಜಿನ ಬಾಟಲಿಗೆ ಬಸಿದು ಬಿಸಿಲಿಗೆ ಹಿಡಿದಾಗ, ಕಂದು ಬಣ್ಣದ ದ್ರವದ ಕೆಳಗೆ ಮಸುಕಾದ ಇನ್ನೊಂದು ಪದರ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಥದ್ದನ್ನು ಹೊಸ ಪೆಟ್ರೋಲಿಗೆ ಬೆರೆಸಿ ಮುಗಿಸೋಣ ಎನ್ನುವ ಉಳಿತಾಯ ಬೇಡ.

ಈ ಮೇಣ ಹೆಚ್ಚು ಹಾನಿ ಮಾಡುವುದು ಕಾರ್ಬುರೇಟರಿನಲ್ಲಿ. ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸಿ ಕೊಡುವುದು ಅದರ ಕೆಲಸ. ಅದರ ಕೆಳಗೊಂದು ಪುಟ್ಟ ಬಟ್ಟಲಿದೆ, ಬಟ್ಟಲಲ್ಲೊಂದು ತೇಲುಬುರುಡೆ. ಪೆಟ್ರೋಲ್ ಏರಿದಾಗ ಬುರುಡೆ ತೇಲಿ ಒಳದಾರಿಯನ್ನು ಮುಚ್ಚುತ್ತದೆ, ನಮ್ಮ ನೀರಿನ ಟ್ಯಾಂಕಿನ ಬಾಲ್‌ಕಾಕ್‌ನ ಹಾಗೆ. ಹಿಂದೆ ಸ್ಕೂಟರನ್ನು ಪಕ್ಕಕ್ಕೆ ಬಾಗಿಸಿ ಆಮೇಲೆ ಒದೆಯುತ್ತಿದ್ದದ್ದು ಈ ಬಟ್ಟಲು ತುಸು ಹೆಚ್ಚೇ ತುಂಬಲಿ ಎಂದು. ಬಟ್ಟಲಿನಿಂದ ಪೆಟ್ರೋಲ್ ಮೇಲೇರುವುದು ಜೆಟ್ ಎಂಬ ಹಿತ್ತಾಳೆಯ ತಿರುಪಿನ ತೂತಿನ ಮೂಲಕ. ಆ ತೂತು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದರ ಗೋಡೆಗೆ ತೆಳ್ಳಗೆ ಮೇಣ ಹತ್ತಿದರೂ ಎಂಜಿನ್ನಿಗೆ ಹೊಟ್ಟೆಗಿಲ್ಲ.

ಮೇಸ್ತ್ರಿ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಆಚೆ ಕಡೆಯ ಆಕಾಶ ಕಾಣಲಿಲ್ಲ. ಥಿನ್ನರಿನಲ್ಲಿ ನೆನೆಸಿ, ತಾಮ್ರದ ತಂತಿಯ ಒಂದೇ ಎಳೆಯನ್ನು ಪೋಣಿಸಿ ಊದಿದ ಮೇಲೆ ಸೂಜಿಮೊನೆಯಷ್ಟು ಬೆಳಕು ಬಂತು. ಉಕ್ಕಿನ ಸೂಜಿ ಹಾಕಬಾರದು. ಹಿತ್ತಾಳೆ ಮೆದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಹದ ಕೆಡುತ್ತದೆ.

ಬ್ಯಾಟರಿ ಇಲ್ಲದ ಕಿಡಿ

ಈ ಎಂಜಿನ್ನಿಗೆ ಬ್ಯಾಟರಿ ಇಲ್ಲ. ಫ್ಲೈವೀಲಿನ ಒಳಮೈಗೆ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ. ಅವು ತಂತಿಯ ಸುರುಳಿಯ ಪಕ್ಕದಲ್ಲಿ ಹಾದುಹೋದಾಗ ವಿದ್ಯುತ್ತು ಹುಟ್ಟುತ್ತದೆ. ಸರಿಯಾದ ಕ್ಷಣದಲ್ಲಿ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ತೆರೆದು ಆ ಹರಿವನ್ನು ತಟ್ಟನೆ ಕಡಿದಾಗ, ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ಎರಡು ಮುಖಗಳ ಮೇಲೆ ತೇವದಿಂದ ಮಸಿಬಣ್ಣದ ಪೊರೆ ಕಟ್ಟಿತ್ತು. ನಯವಾದ ಎಮರಿ ಕಾಗದದಿಂದ ಎರಡು ಸಲ ಎಳೆದು, ಶುಭ್ರವಾದ ಕಾಗದದಿಂದ ಒರೆಸಿ, ನಡುವಿನ ಸಂದನ್ನು ವಿಸಿಟಿಂಗ್ ಕಾರ್ಡಿನ ದಪ್ಪಕ್ಕೆ ಸರಿಮಾಡಿದರು. ಕಿಡಿ ನೀಲಿಯಾಗಿ, ಚಟಪಟ ಸದ್ದು ಮಾಡುತ್ತ ಬಂತು.

ಎಲ್ಲ ಇದ್ದೂ ಹೊತ್ತಲಿಲ್ಲ

ಎಂಜಿನ್ನಿಗೆ ಮೂರು ಬೇಕು ಎಂದು ಶಾಲೆಯಲ್ಲಿ ಓದಿರುತ್ತೇವೆ: ಇಂಧನ, ಕಿಡಿ, ಒತ್ತಡ. ಮೂರೂ ಈಗ ಇದ್ದವು. ಎಂಜಿನ್ನನ್ನು ಅಂಗಳದಲ್ಲಿ ಮರದ ಹಲಗೆಗೆ ಸಿಕ್ಕಿಸಿ, ಅದರ ಕಾಲು ನೀರು ತುಂಬಿದ ಡ್ರಮ್ಮಿನೊಳಗೆ ಮುಳುಗುವಂತೆ ನಿಲ್ಲಿಸಿದೆವು. ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ ಬೆರೆಸಿದ್ದಾಯಿತು. ಪೈಪಿನ ನಡುವಿನ ರಬ್ಬರ್ ಗುಂಡನ್ನು ಗಟ್ಟಿಯಾಗುವ ತನಕ ಅಮುಕಿ ಕಾರ್ಬುರೇಟರಿನ ಬಟ್ಟಲು ತುಂಬಿಸಿದ್ದಾಯಿತು. ಚೋಕ್ ಎಳೆದು ಹಗ್ಗ ಜಗ್ಗಿದರು. ಹದಿನೈದು ಸಲ, ಇಪ್ಪತ್ತು ಸಲ. ಒಂದು ಕೆಮ್ಮೂ ಇಲ್ಲ.

ಭಾವ ಮುಖ ಒರೆಸಿಕೊಂಡು, “ಇದ್ ಸತ್ತ್ ಹೋಯ್ತ್ ಕಾಣಿ” ಎಂದರು.

ಮೇಸ್ತ್ರಿ ಪ್ಲಗ್ ಬಿಚ್ಚಿ ಅದರ ಮೂತಿಯನ್ನು ಅಂಗೈಗೆ ಒತ್ತಿ ನೋಡಿದರು. ಒಣಗಿತ್ತು. ಇಪ್ಪತ್ತು ಸಲ ಚೋಕ್ ಹಾಕಿ ಎಳೆದ ಎಂಜಿನ್ನಿನ ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿರಲೇಬೇಕು. ಬಟ್ಟಲಲ್ಲಿ ಪೆಟ್ರೋಲ್ ಇದೆ, ಜೆಟ್ ಶುದ್ಧವಾಗಿದೆ, ಆದರೂ ಮೇಲೆ ಸಿಲಿಂಡರಿಗೆ ಒಂದು ಹನಿ ಬಂದಿಲ್ಲ. ಅವರು ಬೆರಳುಗಳನ್ನು ಕಾರ್ಬುರೇಟರಿನ ಬಾಯಿಯ ಮುಂದೆ ಹಿಡಿದು, ಚೋಕ್ ತೆಗೆದು, ಭಾವನಿಗೆ ಎಳೆಯಲು ಹೇಳಿದರು. ಎಳೆದಾಗಲೆಲ್ಲ ಬೆರಳ ಮೇಲೆ ಸಣ್ಣ ಸಣ್ಣ ಹನಿ. ಒಳಗೆ ಹೋಗಬೇಕಾದ ಪೆಟ್ರೋಲ್ ಹೊರಗೆ ಉಗುಳಿ ಬರುತ್ತಿತ್ತು.

“ಸತ್ತದ್ದಲ್ಲ, ಉಸ್ರ್ ಕಟ್ಟದ್ದ್ ಅಷ್ಟೆ,” ಎಂದರು ಮೇಸ್ತ್ರಿ.

ಅವರು ಹೇಳಿದ್ದು ಅಕ್ಷರಶಃ ನಿಜ. ಅದು ಹೇಗೆಂದು ತಿಳಿಯಲು ಎಂಜಿನ್ನಿನ ಹೊಟ್ಟೆಯೊಳಗೆ ಇಳಿಯಬೇಕು.

ಕಮ್ಮಾರನ ತಿದಿ

ಕಾರಿನಲ್ಲಿರುವ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಓಡಾಡಿದರೆ ಒಂದು ಸಲ ಬೆಂಕಿ. ಒಮ್ಮೆ ಕೆಳಗಿಳಿದು ಮಿಶ್ರಣವನ್ನು ಹೀರುತ್ತದೆ, ಒಮ್ಮೆ ಮೇಲೇರಿ ಅಮುಕುತ್ತದೆ, ಉರಿದಾಗ ಕೆಳಗಿಳಿಯುತ್ತದೆ, ಮತ್ತೆ ಮೇಲೇರಿ ಹೊಗೆಯನ್ನು ತಳ್ಳುತ್ತದೆ. ಉಸಿರು ಎಳೆದುಕೊಳ್ಳಲು, ಬಿಡಲು ಅದಕ್ಕೆ ಬೇರೆ ಬೇರೆ ಸಮಯವಿದೆ. ಟೂ ಸ್ಟ್ರೋಕ್‌ಗೆ ಆ ಬಿಡುವಿಲ್ಲ. ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಅಷ್ಟರಲ್ಲಿ ಬೆಂಕಿ. ಹಾಗಾದರೆ ಅದು ಉಸಿರಾಡುವುದು ಯಾವಾಗ?

ಉತ್ತರ ಪಿಸ್ಟನ್ನಿನ ಕೆಳಗಿದೆ. ಪಿಸ್ಟನ್ನಿನ ಮೇಲೆ ಬೆಂಕಿ ಹೊತ್ತುವ ಕೋಣೆ. ಕೆಳಗೆ, ಕ್ರ್ಯಾಂಕ್ ತಿರುಗುವ ಇನ್ನೊಂದು ಕೋಣೆ. ಇವನ್ನು ಮೇಲ್ಕೋಣೆ, ಕೆಳಕೋಣೆ ಎನ್ನೋಣ. ಕಾರಿನ ಎಂಜಿನ್ನಿನಲ್ಲಿ ಕೆಳಕೋಣೆ ಎಂದರೆ ಎಣ್ಣೆ ನಿಲ್ಲುವ ತೊಟ್ಟಿ. ಟೂ ಸ್ಟ್ರೋಕ್‌ನಲ್ಲಿ ಅದೇ ಕಮ್ಮಾರನ ತಿದಿ.

ಕುಲುಮೆಯ ಮುಂದೆ ನಿಂತು ತಿದಿ ಒತ್ತುವುದನ್ನು ನೋಡಿದವರಿಗೆ ಇದು ಸುಲಭ. ತಿದಿಯನ್ನು ಎತ್ತಿದಾಗ ಚರ್ಮದ ಚೀಲ ಹಿಗ್ಗುತ್ತದೆ, ಅದರ ತಳದ ತೂತಿಗೆ ಒಳಗಿನಿಂದ ಹೊಲಿದ ಚರ್ಮದ ತುಂಡು ತೆರೆದುಕೊಂಡು ಗಾಳಿ ಒಳಬರುತ್ತದೆ. ಒತ್ತಿದಾಗ ಅದೇ ತುಂಡು ತೂತಿಗೆ ಅಂಟಿ ಕೂರುತ್ತದೆ. ಗಾಳಿಗೆ ಹಿಂದಕ್ಕೆ ದಾರಿಯಿಲ್ಲ, ಕೊಳವೆಯಲ್ಲಿ ಹಾದು ಕೆಂಡಕ್ಕೇ ಹೋಗಬೇಕು. ಇಡೀ ತಿದಿಯ ಗುಟ್ಟು ಆ ಚರ್ಮದ ತುಂಡು.

ಎಂಜಿನ್ನಿನಲ್ಲೂ ಹೀಗೆಯೇ. ಪಿಸ್ಟನ್ ಮೇಲೇರಿದಾಗ ಕೆಳಕೋಣೆ ಹಿಗ್ಗುತ್ತದೆ, ಕಾರ್ಬುರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಅಲ್ಲಿಗೆ ಬರುತ್ತದೆ. ಪಿಸ್ಟನ್ ಇಳಿದಾಗ ಒಳಬಾಗಿಲು ಮುಚ್ಚಿ ಆ ಮಿಶ್ರಣ ಒತ್ತಡಕ್ಕೆ ಸಿಲುಕುತ್ತದೆ. ಸಿಲಿಂಡರಿನ ಗೋಡೆಯಲ್ಲಿ ಎರಡು ಕಿಂಡಿಗಳಿವೆ. ಇಳಿಯುವ ಪಿಸ್ಟನ್ ಮೊದಲು ಹೊಗೆ ಹೋಗುವ ಕಿಂಡಿಯನ್ನು ತೆರೆಯುತ್ತದೆ. ಇನ್ನೂ ತುಸು ಇಳಿದಾಗ ಕೆಳಕೋಣೆಯಿಂದ ಬರುವ ಕಿಂಡಿ ತೆರೆಯುತ್ತದೆ. ಅಲ್ಲಿಂದ ಹೊಸ ಮಿಶ್ರಣ ಮೇಲ್ಕೋಣೆಗೆ ನುಗ್ಗಿ, ಉಳಿದ ಹೊಗೆಯನ್ನು ತಾನೇ ಹೊರಗೆ ದಬ್ಬುತ್ತದೆ. ಪಿಸ್ಟನ್ ಮತ್ತೆ ಏರಿ ಎರಡೂ ಕಿಂಡಿ ಮುಚ್ಚಿ, ಅಮುಕಿ, ಕಿಡಿಗೆ ಒಪ್ಪಿಸುತ್ತದೆ. ಮೇಲೆ ಅಮುಕುವ ಹೊತ್ತಿಗೆ ಕೆಳಗೆ ಹೀರಿಕೆ. ಮೇಲೆ ಉರಿಯುವ ಹೊತ್ತಿಗೆ ಕೆಳಗೆ ಒತ್ತುವಿಕೆ. ಒಂದೇ ಪಿಸ್ಟನ್ ಎರಡು ಕೋಣೆಯಲ್ಲಿ ಎರಡು ಕೆಲಸ ಮಾಡುತ್ತದೆ.

ಇಷ್ಟು ತಿಳಿದರೆ ಟೂ ಸ್ಟ್ರೋಕ್‌ನ ಹಲವು ಗುಣಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಪೆಟ್ರೋಲಿಗೆ ಎಣ್ಣೆ ಬೆರೆಸುವುದೇಕೆ? ಕೆಳಕೋಣೆ ಗಾಳಿಯ ದಾರಿಯಾದ್ದರಿಂದ ಅಲ್ಲಿ ಎಣ್ಣೆಯನ್ನು ನಿಲ್ಲಿಸುವಂತಿಲ್ಲ. ಮಿಶ್ರಣದ ಜೊತೆ ಬಂದ ಎಣ್ಣೆಯ ಮಂಜೇ ಬೇರಿಂಗುಗಳಿಗೆ ಆಸರೆ. ಹೊಗೆ ಹೆಚ್ಚೇಕೆ? ಆ ಎಣ್ಣೆಯೂ ಉರಿಯುತ್ತದೆ. ಇಂಧನ ಹೆಚ್ಚು ಕುಡಿಯುವುದೇಕೆ? ಎರಡು ಕಿಂಡಿಗಳೂ ಒಟ್ಟಿಗೆ ತೆರೆದಿರುವ ಕ್ಷಣದಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯದೆ ಹೊಗೆಯ ಹಿಂದೆಯೇ ಹೊರಟುಹೋಗುತ್ತದೆ. ದೋಣಿಯ ಹಿಂದೆ ನೀರಿನ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣಗಳು ಅದೇ. ಮೀನು ಮೊಟ್ಟೆಯಿಡುವ ಅಳಿವೆಗಳಲ್ಲಿ ಅದು ನೋಡಲು ಚೆಂದವಾದರೂ ಒಳ್ಳೆಯದಲ್ಲ. ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬುರೇಟರಿನ ಟೂ ಸ್ಟ್ರೋಕ್ ಎಂಜಿನ್‌ಗಳನ್ನು 1999ರಲ್ಲಿ ನಿಷೇಧಿಸಿದ್ದು ಈ ಸೋರಿಕೆಗಾಗಿಯೇ.

ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನಿನ ಒಂದು ಪದ್ಧತಿಯೂ ಇಲ್ಲಿ ಅರ್ಥವಾಗುತ್ತದೆ. ಅವನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ದಡ ಸೇರುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸುತ್ತಾರೆ. ಸೀಮೆಎಣ್ಣೆಯಲ್ಲೇ ನಿಲ್ಲಿಸಿಬಿಟ್ಟರೆ ತಿದಿಯ ಹೊಟ್ಟೆಯೆಲ್ಲ ಸೀಮೆಎಣ್ಣೆಯಿಂದ ಒದ್ದೆ. ತಣ್ಣಗಾದ ಮೇಲೆ ಅದು ಆವಿಯಾಗದು, ಮರುದಿನ ಬೆಳಗ್ಗೆ ಎಂಜಿನ್ ಹೊತ್ತದು.

ಬಾತ್ ಊರಿನ ಉಪಾಯ

ಈ ತಿದಿಯ ಉಪಾಯಕ್ಕೆ ಒಂದು ಹುಟ್ಟೂರಿದೆ. 1881ರಲ್ಲಿ ಪೇಟೆಂಟ್ ಪಡೆದ ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ ಅವರ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣವನ್ನು ತಳ್ಳಲು ಪ್ರತ್ಯೇಕವಾದ ಇನ್ನೊಂದು ಸಿಲಿಂಡರು ಇತ್ತು. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1891ರಲ್ಲಿ ಆ ಇನ್ನೊಂದು ಸಿಲಿಂಡರನ್ನೇ ತೆಗೆದುಹಾಕಿದರು. ಪಿಸ್ಟನ್ನಿನ ಕೆಳಗೆ ಹೇಗೂ ಖಾಲಿ ಇದ್ದ ಜಾಗವೇ ಪಂಪ್ ಆಯಿತು. ಅವರ ಕೆಲಸಗಾರ ಫ್ರೆಡರಿಕ್ ಕಾಕ್ ಮರುವರ್ಷವೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಿಸ್ಟನ್ನಿನ ಅಂಚೇ ಕಿಂಡಿಗಳನ್ನೆಲ್ಲ ತೆರೆದು ಮುಚ್ಚುವಂತೆ ಮಾಡಿದರು. ಓಡಾಡುವ ಭಾಗಗಳು ಮೂರೇ ಉಳಿದವು: ಪಿಸ್ಟನ್, ಅದರ ತೋಳು, ಕ್ರ್ಯಾಂಕ್. ನನ್ನ ಲೆಕ್ಕದಲ್ಲಿ ಯಂತ್ರಗಳ ಚರಿತ್ರೆಯಲ್ಲಿ ಇಷ್ಟು ಮಿತವ್ಯಯದ ಉಪಾಯ ಬಹಳ ಕಡಿಮೆ.

ಹಗುರವಾದ್ದರಿಂದಲೇ ಅದು ದೋಣಿಯ ಹಿಂಬದಿಗೆ ಏರಿತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಔಟ್‌ಬೋರ್ಡ್ ಎಂಜಿನ್ ಒಂದೂವರೆ ಅಶ್ವಶಕ್ತಿಯದು, ತೂಕ 28 ಕಿಲೋ. ಒಬ್ಬನೇ ಹೊತ್ತು ತರಬಹುದಿತ್ತು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳೂ ಇದೇ ಮನೆತನದವು. ಅವುಗಳಲ್ಲಿ ಒಳಬಾಗಿಲಿನ ಕೆಲಸ ಪಿಸ್ಟನ್ನಿನ ಅಂಚಿನದು. ಆರ್‌ಎಕ್ಸ್ 100 ಬೈಕಿನಲ್ಲಿ, ಭಾವನದೂ ಸೇರಿ ಹಲವು ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ, ಆ ಕೆಲಸಕ್ಕೆ ತೆಳುವಾದ ಉಕ್ಕಿನ ಎಲೆಗಳಿವೆ. ಹಾರ್ಮೋನಿಯಂ ಒಳಗಿನ ಹಿತ್ತಾಳೆ ನಾಲಗೆಯ ಹಾಗೆ ಒಂದು ತುದಿ ಬಿಗಿದು, ಇನ್ನೊಂದು ತುದಿ ಬಿಟ್ಟ ಎಲೆಗಳು. ಮೆಕ್ಯಾನಿಕ್‌ಗಳು ರೀಡ್ ವಾಲ್ವ್ ಎನ್ನುವುದು ಇದನ್ನೇ. ನಾವು ಎಲೆಬಾಗಿಲು ಎನ್ನೋಣ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಈ ಎಲೆ ಸೆಕೆಂಡಿಗೆ 83 ಸಲ ತೆರೆದು ಮುಚ್ಚಬೇಕು.

ಕೂದಲೆಳೆಯ ಸಂದು

ಮೇಸ್ತ್ರಿ ಕಾರ್ಬುರೇಟರನ್ನು ಮತ್ತೆ ಬಿಚ್ಚಿ, ಅದರ ಹಿಂದಿನ ಎಲೆಬಾಗಿಲಿನ ಚೌಕಟ್ಟನ್ನು ಹೊರಗೆ ತೆಗೆದರು. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಕಣ್ಣೋಟಕ್ಕೆ ಏನೂ ಕೆಟ್ಟಿರಲಿಲ್ಲ. ಅವರು ಅದನ್ನು ಬಿಸಿಲಿಗೆ ಅಡ್ಡ ಹಿಡಿದು, “ಇಲ್ಲ್ ಕಾಣಿ” ಎಂದರು. ಎಲೆಯ ತುದಿಗೂ ಚೌಕಟ್ಟಿಗೂ ನಡುವೆ ಬೆಳಕಿನ ಒಂದು ಗೆರೆ, ಕೂದಲೆಳೆಯಷ್ಟು. ಎಲೆಯ ಅಡಿಯಲ್ಲಿ ಜೇನುಬಣ್ಣದ ಒಂದು ಚೂರು ಒಣಗಿ ಕಲ್ಲಾಗಿ ಕೂತಿತ್ತು. ಅದೇ ಹಳೆಯ ಪೆಟ್ರೋಲಿನ ಮೇಣ. ಕಾರ್ಬುರೇಟರಿನಲ್ಲಿ ನಾವು ತೊಳೆದದ್ದರ ಇನ್ನೊಂದು ಪಾಲು ಇಲ್ಲಿ ಕೂತು ಬಾಗಿಲು ಮುಚ್ಚದಂತೆ ತಡೆದಿತ್ತು.

ತಿದಿಯ ಚರ್ಮದ ತುಂಡಿಗೆ ಕಡ್ಡಿ ಸಿಕ್ಕಿಕೊಂಡರೆ ಏನಾಗುತ್ತದೆ? ಎತ್ತಿದಾಗ ಗಾಳಿ ಬರುತ್ತದೆ, ಒತ್ತಿದಾಗ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕುಲುಮೆಯಲ್ಲಿ ಇದ್ದಿಲಿದೆ, ಕೆಂಡವಿದೆ, ಒತ್ತುವ ಕೈಯೂ ಇದೆ, ಉರಿ ಏಳುವುದಿಲ್ಲ. ನಮ್ಮ ಎಂಜಿನ್ನಿನ ಪ್ಲಗ್ ಒಣಗಿದ್ದದ್ದೂ, ಕಾರ್ಬುರೇಟರಿನ ಬಾಯಿ ಉಗುಳುತ್ತಿದ್ದದ್ದೂ ಇದರಿಂದಲೇ.

ಇಷ್ಟು ಸಣ್ಣ ಸಂದಿಗೆ ಇಷ್ಟು ದೊಡ್ಡ ಪರಿಣಾಮವೇಕೆ? ಕೆಳಕೋಣೆಯ ಒತ್ತಡ ಬಹಳ ಬಡವಾದದ್ದು. ಮೇಲ್ಕೋಣೆಯಲ್ಲಿ ಮಿಶ್ರಣವನ್ನು ಆರೇಳು ಪಟ್ಟು ಅಮುಕುತ್ತೇವೆ, ಕೆಳಗೆ ಹೆಚ್ಚೆಂದರೆ ಒಂದೂವರೆ ಪಟ್ಟು. ಹೆಬ್ಬೆರಳಿಟ್ಟು ಪರೀಕ್ಷಿಸುವುದು ಮೇಲಿನದನ್ನು ಮಾತ್ರ. ಕೆಳಗಿನದನ್ನು ಯಾರೂ ನೋಡುವುದಿಲ್ಲ, ಅದು ಇದೆಯೆಂದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಾಲೆಯ ಮೂರಂಶದ ಪಟ್ಟಿಗೆ ಟೂ ಸ್ಟ್ರೋಕ್ ಮಟ್ಟಿಗೆ ನಾಲ್ಕನೆಯದನ್ನು ಸೇರಿಸಲೇಬೇಕು: ಸೋರದ ಕೆಳಕೋಣೆ.

ವೇಗದ ಪ್ರಶ್ನೆಯೂ ಇದೆ. ಬುಡ ಒಡೆದ ಚಂಬಿನಲ್ಲಿ ಬಾವಿಯಿಂದ ನೀರು ತರುವವರು ಓಡಿಬಂದರೆ ಅರ್ಧವಾದರೂ ಮನೆ ಸೇರುತ್ತದೆ, ನಡೆದು ಬಂದರೆ ಬರಿಗೈ. ಎಂಜಿನ್ ಜೋರಾಗಿ ಓಡುತ್ತಿದ್ದಾಗ ಒತ್ತುವ ಹೊತ್ತು ಕ್ಷಣದ ಸಣ್ಣ ತುಣುಕು, ಅಷ್ಟರಲ್ಲಿ ಸೋರುವುದು ಅಲ್ಪ. ಕೈಯಿಂದ ಹಗ್ಗ ಎಳೆದಾಗ ಅದು ತಿರುಗುವುದು ನಿಧಾನ, ಸೋರಲು ಬೇಕಾದಷ್ಟು ಸಮಯ. ‘ಒಮ್ಮೆ ಸ್ಟಾರ್ಟ್ ಆದರೆ ಚೆನ್ನಾಗಿಯೇ ಓಡುತ್ತದೆ, ಸ್ಟಾರ್ಟ್ ಆಗುವುದೇ ಕಷ್ಟ’ ಎಂದು ಹಳೆಯ ಸ್ಕೂಟರಿನವರೂ ದೋಣಿಯವರೂ ಹೇಳುವ ದೂರಿನ ಹಿಂದೆ ಹಲವು ಸಲ ಇರುವುದು ಸೋರುವ ಕೆಳಕೋಣೆಯೇ. ಸೋರುವ ದಾರಿ ಎಲೆಬಾಗಿಲೇ ಆಗಬೇಕಿಲ್ಲ. ಕ್ರ್ಯಾಂಕ್ ಹೊರಬರುವ ಎರಡು ಕಡೆ ರಬ್ಬರಿನ ಸೀಲುಗಳಿರುತ್ತವೆ, ಅವು ವರ್ಷಗಟ್ಟಲೆ ಒಣಗಿ ಬಿರಿಯಬಹುದು. ಪೆಟ್ರೋಲ್ ಪಂಪೂ ಈ ತಿದಿಯ ಮಿಡಿತದಿಂದಲೇ ಕೆಲಸ ಮಾಡುತ್ತದೆ. ಕೆಳಕೋಣೆಯ ಒತ್ತಡ ಏರಿಳಿದಂತೆ ಪಂಪಿನ ತೆಳು ಪೊರೆ ಹಿಂದೆ ಮುಂದೆ ಆಡಿ ಟ್ಯಾಂಕಿನಿಂದ ಇಂಧನವನ್ನು ಎಳೆಯುತ್ತದೆ. ತಿದಿ ಸೋತರೆ ಉಸಿರೂ ಇಲ್ಲ, ಊಟವೂ ಇಲ್ಲ.

ಡ್ರಮ್ಮಿನ ನೀರು

ಮೇಸ್ತ್ರಿ ಚೌಕಟ್ಟನ್ನು ಥಿನ್ನರಿನಲ್ಲಿ ನೆನೆಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಲೆಯನ್ನು ಬಗ್ಗಿಸದೆ ತೊಳೆದರು. ಮತ್ತೆ ಬಿಸಿಲಿಗೆ ಹಿಡಿದಾಗ ಬೆಳಕಿನ ಗೆರೆ ಇರಲಿಲ್ಲ. ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿ, ಕಾರ್ಬುರೇಟರ್ ಬಿಗಿದು, ಹಗ್ಗ ಎಳೆದರು. ಮೂರನೆಯ ಎಳೆತಕ್ಕೆ ಒಂದು ಕೆಮ್ಮು. ಐದನೆಯದಕ್ಕೆ ಡ್ರಮ್ಮಿನ ನೀರು ಕುದಿಯುವಂತೆ ಉಕ್ಕಿತು, ಹಿಂದೆ ಹಾಕಿದ್ದ ಎಣ್ಣೆಯೆಲ್ಲ ಉರಿದು ಅಂಗಳದ ತುಂಬ ಬಿಳಿ ಹೊಗೆ. ಭಾವ ಎಂಜಿನ್ನಿನ ಸದ್ದು ಕೇಳುತ್ತ ನಿಂತುಬಿಟ್ಟರು. ಮೇಸ್ತ್ರಿಯ ಕಣ್ಣು ಸದ್ದಿನ ಕಡೆಗಿರಲಿಲ್ಲ. ಅವರು ಎಂಜಿನ್ನಿನ ಹಿಂಬದಿಯ ಸಣ್ಣ ತೂತನ್ನೇ ನೋಡುತ್ತಿದ್ದರು. ಹತ್ತು ಎಣಿಸುವಷ್ಟರಲ್ಲಿ ಅಲ್ಲಿಂದ ಪೆನ್ಸಿಲಿನಷ್ಟು ದಪ್ಪದ ನೀರಿನ ಧಾರೆ ಹೊರಬಂತು. ತಂಪು ನೀರು ಸುತ್ತುತ್ತಿದೆ ಎಂಬುದಕ್ಕೆ ಅದೇ ಗುರುತು. ಆ ಧಾರೆ ಬಾರದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಆ ಕ್ಷಣವೇ ನಿಲ್ಲಿಸಬೇಕು.

ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಆ ನಿಷೇಧವಿಲ್ಲದಿದ್ದರೂ ಕಡಲು ಎದ್ದ ದಿನಗಳಲ್ಲಿ ಅವೂ ದಡದಲ್ಲೇ. ನಿಮ್ಮ ಮನೆಯಲ್ಲೂ ಇಂಥದೊಂದು ಎಂಜಿನ್ ಇದ್ದರೆ, ಮೂಲೆಗಿಡುವ ದಿನ ಅದನ್ನು ಬಯಲಿನಲ್ಲಿ, ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ನಿಧಾನವಾಗಿ ಓಡಿಸಿ, ಒಳಗಿನ ಉಪ್ಪು ತೊಳೆದುಹೋಗಲಿ. ಕೊನೆಗೆ ಸ್ವಿಚ್ ಒತ್ತಿ ನಿಲ್ಲಿಸಬೇಡಿ. ಪೆಟ್ರೋಲಿನ ಪೈಪನ್ನು ಕಳಚಿ, ಬಟ್ಟಲಿನಲ್ಲಿರುವುದೆಲ್ಲ ಮುಗಿದು ಅದು ತಾನಾಗಿಯೇ ನಿಲ್ಲುವವರೆಗೆ ಕಾಯಿರಿ.